ಬೆರಳಿಟ್ಟರೆ ಬಿಪಿ ಹೇಳುವ ಆ್ಯಪ್ ಇಲ್ಲ

ಈ ಅಂಕಣಕ್ಕೆ ಬರುವ ಪತ್ರ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅರ್ಧಕ್ಕರ್ಧ ಈಗ ಮೊಬೈಲ್ ಆ್ಯಪ್‌ಗಳ ಬಗ್ಗೆಯೇ ಇರುತ್ತವೆ. ಯಾವುದರಲ್ಲಿ ಬಿಪಿ ನೋಡಬಹುದು, ಯಾವುದು ಶುಗರ್ ಹೇಳುತ್ತದೆ, ಯಾವುದು ಹಾವು ಗುರುತಿಸುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ, ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಆ್ಯಪ್ ಹಾಕಿಕೊಳ್ಳುವುದು ಹೇಗೆ ಎಂದು ಮಾತ್ರ ಕೇಳಬೇಡಿ, ಮನೆಯ ಮಕ್ಕಳಿಗೆ ಗೊತ್ತಿರುತ್ತದೆ.

ನಮ್ಮ ಮಾವನವರಿಗೆ 64 ವರ್ಷ. ಬಿಪಿಗೆ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಪಕ್ಕದ ಮನೆಯ ಹುಡುಗ ಅವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾನೆ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ತೋರಿಸುತ್ತದೆ. ದಿನಾ 118/76, 120/78 ಹೀಗೇ ಬರುತ್ತಿದೆ ಅಂತ ಒಂದು ಮಾತ್ರೆ ಬಿಟ್ಟಿದ್ದಾರೆ. ಬೆಳಿಗ್ಗೆ ತಲೆಭಾರ ಅನ್ನುತ್ತಾರೆ. ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಲು ಒಂದು ದಿನ ಪೂರ್ತಿ ಬೇಕು. ಏನು ಮಾಡಲಿ?
— ಗೃಹಿಣಿ, ಹೊಸನಗರ ತಾಲ್ಲೂಕು

ಅಮ್ಮಾ, ಮೊದಲು ಆ ಆ್ಯಪ್ ತೆಗೆದುಹಾಕಿಸಿ. ಇವತ್ತೇ ಹತ್ತಿರದ ಉಪಕೇಂದ್ರಕ್ಕೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕರೆದುಕೊಂಡು ಹೋಗಿ, ತೋಳಿಗೆ ಪಟ್ಟಿ ಕಟ್ಟುವ ಯಂತ್ರದಲ್ಲಿ ಬಿಪಿ ನೋಡಿಸಿ. ಆ ಅಂಕಿ ಹಿಡಿದು, ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಒಂದು ಮಾತ್ರೆ ಬಿಟ್ಟಿದ್ದಾರೆ ಎಂಬುದನ್ನು ಮುಚ್ಚಿಡದೆ ಹೇಳಿ. ಬಿಟ್ಟ ಮಾತ್ರೆಯ ಹೆಸರನ್ನೂ ಹೇಳಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದವನ್ನು ತಟ್ಟನೆ ನಿಲ್ಲಿಸಿದರೆ ಎದೆಬಡಿತವೂ ಬಿಪಿಯೂ ಒಮ್ಮೆಲೇ ಏರಬಹುದು. ಇಷ್ಟಕ್ಕೆ ಶಿವಮೊಗ್ಗದ ಬಸ್ಸು ಹತ್ತಬೇಕಾಗಿಲ್ಲ.

ಇನ್ನು ಆ ಆ್ಯಪ್ ಮಾಡುವುದೇನು ಎಂದು ಬಿಡಿಸಿ ಹೇಳುತ್ತೇನೆ, ಮಾವನವರಿಗೆ ಓದಿ ಹೇಳಿ. ಫೋನಿನ ಹಿಂದಿನ ಲೈಟ್ ಬೆರಳಿನೊಳಕ್ಕೆ ಬೆಳಕು ಬಿಡುತ್ತದೆ. ಹೃದಯ ಬಡಿದಾಗಲೆಲ್ಲ ಬೆರಳ ತುದಿಯ ಸಣ್ಣ ರಕ್ತನಾಳಗಳಿಗೆ ತುಸು ಹೆಚ್ಚು ರಕ್ತ ಬರುತ್ತದೆ, ಅಷ್ಟು ಬೆಳಕನ್ನು ಅದು ಹೀರಿಕೊಳ್ಳುತ್ತದೆ. ಆ ಕೆಂಪಿನ ಏರಿಳಿತ ಕ್ಯಾಮೆರಾಕ್ಕೆ ಕಾಣುತ್ತದೆ. ಅದರಿಂದ ನಾಡಿಬಡಿತ ಎಣಿಸಬಹುದು, ಒಪ್ಪುತ್ತೇನೆ. ಆದರೆ ರಕ್ತ ನಾಳದ ಗೋಡೆಯನ್ನು ಎಷ್ಟು ಜೋರಾಗಿ ಒತ್ತುತ್ತಿದೆ ಎಂಬುದು ಆ ಕೆಂಪಿನಲ್ಲಿ ಬರೆದಿರುವುದಿಲ್ಲ. ಅದು ತಿಳಿಯಲು ತೋಳಿನ ನಾಳವನ್ನು ಪಟ್ಟಿಯಿಂದ ಅಮುಕಿ, ಹರಿವು ನಿಲ್ಲಿಸಿ, ಗಾಳಿಯನ್ನು ನಿಧಾನ ಬಿಡುತ್ತಾ ನೋಡಬೇಕು.

ಹಾಗಾದರೆ 118/76 ಎಲ್ಲಿಂದ ಬಂತು? ಇಂಥ ಆ್ಯಪ್‌ಗಳು ಮೊದಲೇ ವಯಸ್ಸು, ಎತ್ತರ, ತೂಕ, ಗಂಡೋ ಹೆಣ್ಣೋ ಎಂದು ಕೇಳುತ್ತವೆ. ತೆಗೆದುಹಾಕುವ ಮುಂಚೆ ಮಾವನವರ ಎದುರಿಗೇ ವಯಸ್ಸಿನ ಜಾಗದಲ್ಲಿ 25 ಎಂದು ತುಂಬಿ, ಅವರ ಬೆರಳನ್ನೇ ಇನ್ನೊಮ್ಮೆ ಇಡಿಸಿ. ಅಂಕಿ ಬದಲಾದರೆ ಯಂತ್ರ ಯಾವುದನ್ನು ನೋಡಿ ಹೇಳುತ್ತಿದೆ ಎಂದು ಅವರಿಗೇ ತಿಳಿಯುತ್ತದೆ.

ಇದು ನನ್ನೊಬ್ಬನ ಸಿಟ್ಟಿನ ಮಾತು ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ತುಂಬ ಮಾರಾಟವಾಗಿದ್ದ ಇಂಥದ್ದೇ ಒಂದು ಆ್ಯಪನ್ನು ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಪಟ್ಟಿಯ ಯಂತ್ರದ ಪಕ್ಕದಲ್ಲಿಟ್ಟು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಪಿ ನಿಜವಾಗಿಯೂ ಹೆಚ್ಚಿದ್ದವರಲ್ಲಿ ಐವರಿಗೆ ಸುಮಾರು ನಾಲ್ವರಿಗೆ ಅದು "ಹೆಚ್ಚಿಲ್ಲ" ಎಂದು ತೋರಿಸಿತ್ತು. ಅದೇ ವರ್ಷ ಅಲ್ಲಿನ ಸರ್ಕಾರ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಆ ಒಂದು ಆ್ಯಪ್ ಹೋಯಿತು, ಅದೇ ಮಾತು ಹೇಳುವ ಬೇರೆಯವು ಬಂದು ಕೂತಿವೆ.

ಕಳೆದ ಮಳೆಗಾಲದಲ್ಲಿ ನನ್ನಲ್ಲಿಗೆ ಬಂದ ಅಡಿಕೆ ಬೆಳೆಗಾರರೊಬ್ಬರು ಮೊಬೈಲ್ ಮುಂದಿಟ್ಟು 121/79 ತೋರಿಸಿದರು. ಅದೇ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಕಟ್ಟಿದೆ. 188/104. ಇನ್ನೊಂದು ತೋಳಿಗೂ ಕಟ್ಟಿದೆ, ಹೆಚ್ಚುಕಡಿಮೆ ಅಷ್ಟೇ. ಅವರು ನನ್ನ ಯಂತ್ರವನ್ನೇ ಅನುಮಾನದಿಂದ ನೋಡಿದರು. ನನಗೆ ಭಯವಾಗುವುದು ಇಲ್ಲೇ. ಬಿಪಿ ಹೆಚ್ಚಿದ್ದರೆ ಮೈಗೆ ಗೊತ್ತಾಗುವುದಿಲ್ಲ, ಗೊತ್ತಾಗುವುದು ಅಂಕಿಯಿಂದ ಮಾತ್ರ. ಆ ಅಂಕಿಯೇ ಸುಳ್ಳು ಹೇಳಿದರೆ ಮನುಷ್ಯ ಲಕ್ವ ಹೊಡೆಯುವವರೆಗೂ ನೆಮ್ಮದಿಯಾಗಿ ತೋಟ ಸುತ್ತುತ್ತಿರುತ್ತಾನೆ. ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯಷ್ಟೇ ಅವಕಾಶ, ಅದೂ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆದ ಮೇಲೆ. ನಿಮ್ಮೂರಿನಿಂದ ದಾರಿಯಲ್ಲೇ ಎಷ್ಟು ಹೊತ್ತು ಹೋಗುತ್ತದೆ ಎಂದು ಲೆಕ್ಕ ಹಾಕಿ. ಬಾಯಿ ಸೊಟ್ಟಗಾದರೆ, ಒಂದು ಕೈಯ ಬಲ ಹೋದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರದೆ 108ಕ್ಕೆ ಫೋನ್ ಮಾಡಬೇಕು.

ತೋಳಿಗೆ ಕಟ್ಟುವ ಯಂತ್ರವನ್ನೇ ಮನೆಗೆ ಕೊಳ್ಳಿ. ಮಣಿಕಟ್ಟಿನದು ಬೇಡ. ಪಟ್ಟಿ ತೋಳಿಗೆ ಸರಿಯಾದ ಅಳತೆಯದಾಗಿರಲಿ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಬಾಯಲ್ಲಿ ಕವಳ ಇಟ್ಟುಕೊಂಡು ಬಿಪಿ ನೋಡಬೇಡಿ. ಅಡಿಕೆ, ತಂಬಾಕು ಎರಡೂ ಎದೆಬಡಿತ ಏರಿಸುತ್ತವೆ, ನಮ್ಮ ಕಡೆಯವರು ಇದನ್ನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ನೋಡಿ. ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಮುಟ್ಟಿದರೆ ಅಥವಾ ದಾಟಿದರೆ ಬಿಪಿ ಹಿಡಿತಕ್ಕೆ ಬಂದಿಲ್ಲ ಎಂದೇ ಅರ್ಥ.

ನಿಮ್ಮ ಮೊಬೈಲು ಉಪಯೋಗಕ್ಕೆ ಬರುವುದು ಇಲ್ಲಿ. ಯಂತ್ರದ ಪರದೆಯ ಫೋಟೊ ತೆಗೆದಿಡಿ, ದಿನ, ಹೊತ್ತು ತಾನಾಗಿಯೇ ಅದರಲ್ಲಿ ಉಳಿಯುತ್ತದೆ. ವಾರದ ಕೊನೆಗೆ ಡಾಕ್ಟರಿಗೆ ಒಟ್ಟಿಗೆ ತೋರಿಸಿ. ಮಾತ್ರೆಯ ನೆನಪಿಗೆ ಬೇರೆ ಆ್ಯಪ್ ಹುಡುಕಬೇಕಿಲ್ಲ, ಫೋನಿನಲ್ಲೇ ಇರುವ ಅಲಾರಂ ಸಾಕು. ಅದಕ್ಕೆ "ಬಿಪಿ ಮಾತ್ರೆ" ಎಂದು ಕನ್ನಡದಲ್ಲೇ ಹೆಸರು ಕೊಡಿ. ನೆಟ್‌ವರ್ಕ್ ಇಲ್ಲದಿದ್ದರೂ, ಕರೆಂಟು ಹೋಗಿದ್ದರೂ ಅದು ಕೂಗುತ್ತದೆ. ನನ್ನ ರೋಗಿಗಳಿಗೆ ಇದರಷ್ಟು ಉಪಕಾರ ಮಾಡಿದ ಇನ್ನೊಂದು ಆ್ಯಪನ್ನು ನಾನು ಕಂಡಿಲ್ಲ.

ಒಂದು ಎಚ್ಚರಿಕೆ. ಇಂಥ ಬಿಟ್ಟಿ ಆ್ಯಪ್‌ಗಳ ಜಾಹೀರಾತಿನಲ್ಲೇ "ಬಿಪಿ ಮಾತ್ರೆ ಬಿಡಿಸುವ ಪುಡಿ" ಮಾರುವವರೂ ಕಾದಿರುತ್ತಾರೆ. ಹೆಸರು ವಿಳಾಸವಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪತ್ತೆಯಾದದ್ದಿದೆ, ಸ್ಟಿರಾಯ್ಡ್ ಬಿಪಿಯನ್ನೂ ಶುಗರನ್ನೂ ಏರಿಸುತ್ತದೆ. ಇದನ್ನು ಮಾರುವವರು ಜನರ ಜೀವದ ಮೇಲೆ ದುಡ್ಡು ಮಾಡುತ್ತಿದ್ದಾರೆ, ಬೇರೆ ಮಾತಿಲ್ಲ.

ಸ್ಮಾರ್ಟ್ ವಾಚಿನಲ್ಲಿ ಬರುವ ಬಿಪಿಯಾದರೂ ಸರಿಯೇ? — ಭದ್ರಾವತಿ

ಸ್ಯಾಮ್‌ಸಂಗ್ ಕಂಪನಿಯೇ ತನ್ನ ವಾಚನ್ನು 28 ದಿನಕ್ಕೊಮ್ಮೆ ಪಟ್ಟಿಯ ಯಂತ್ರದ ಜೊತೆ ಹೊಂದಿಸಿಕೊಳ್ಳಿ ಎನ್ನುತ್ತದೆ. ಹೇಗೂ ಯಂತ್ರ ಬೇಕೇ ಬೇಕು, ಅದನ್ನೇ ನಂಬಿ.

ಬೆರಳು ಚುಚ್ಚದೆ ಶುಗರ್ ತೋರಿಸುವ ವಾಚ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ತರಿಸಲೇ? — ಸಾಗರ

ಬೇಡ. ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆನ್ನುವ ಯಾವ ವಾಚನ್ನೂ ಉಂಗುರವನ್ನೂ ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಅಂಕಿ ನೋಡಿ ಡೋಸ್ ಬದಲಿಸಿದರೆ ಜೀವವೇ ಹೋಗಬಹುದು.

ದಿನಕ್ಕೆ 10,000 ಹೆಜ್ಜೆ ಆಗುತ್ತಿಲ್ಲ ಎಂದು ಆ್ಯಪ್ ದಿನಾ ಕೆಂಪು ತೋರಿಸುತ್ತದೆ. — ತೀರ್ಥಹಳ್ಳಿ

ಆ ಸಂಖ್ಯೆ ಯಾವ ವೈದ್ಯರು ಕೊಟ್ಟದ್ದೂ ಅಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು. ತಲೆಮೇಲೆ ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿಯುವವರಿಗೆ ಈ ಚಿಂತೆಯೇ ಬೇಡ.

ಹಾವನ್ನು ಫೋಟೊದಿಂದ ಗುರುತಿಸುವ ಒಳ್ಳೆಯ ಆ್ಯಪ್ ತಿಳಿಸಿ, ಕಚ್ಚಿದರೆ ಉಪಯೋಗವಾಗುತ್ತದೆ. — ಆಗುಂಬೆ ಕಡೆಯಿಂದ ಹಲವರು

ಕಚ್ಚಿದ ಮೇಲೆ ಹಾವಿನ ಹಿಂದೆ ಮೊಬೈಲ್ ಹಿಡಿದು ಹೋಗಬೇಡಿ, ಎರಡನೆಯವರಿಗೂ ಕಚ್ಚುತ್ತದೆ. ನಮಗೆ ಫೋಟೊ ಬೇಕಾಗಿಲ್ಲ. ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ನೋಡುತ್ತೇವೆ, ರೆಪ್ಪೆ ಜೋಲುತ್ತಿದೆಯೇ ನೋಡುತ್ತೇವೆ, ಚಿಕಿತ್ಸೆ ಶುರು ಮಾಡುತ್ತೇವೆ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬೇರು ತೇಯ್ದು ಕೊಡುವವರ ಮನೆಗೆ ಹೋಗಿ ಹೊತ್ತು ಕಳೆಯಬೇಡಿ.

ಉಣುಗು ಕಚ್ಚಿದೆ, ಮಂಗನ ಕಾಯಿಲೆಯ ಲಕ್ಷಣ ಹೊಂದುತ್ತದೆಯೇ ಎಂದು ಎಐಗೆ ಕೇಳಿದೆ, "ವೈರಲ್ ಜ್ವರ, ವಿಶ್ರಾಂತಿ ಸಾಕು" ಎಂದಿತು. — ಸೊರಬ

1957ರಲ್ಲಿ ಈ ಕಾಯಿಲೆ ಗುರುತಾದದ್ದೇ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ, ಕಾಡಿಗೆ ಹೋಗಿ ಬಂದವರಿಗೆ ಒಮ್ಮೆಲೇ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ರಕ್ತ ಪರೀಕ್ಷೆಯೇ ಆಗಬೇಕು. ಈಗಲೇ ಆರೋಗ್ಯ ಕೇಂದ್ರಕ್ಕೆ ಹೊರಡಿ. ನೋವಿಗೆಂದು ಬ್ರೂಫೆನ್, ಡೈಕ್ಲೊಫೆನಾಕ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ.

ನಿಮ್ಮ ಮೊಬೈಲಿನಲ್ಲಿ ಯಾವ ಆ್ಯಪ್‌ಗಳಿವೆ ಡಾಕ್ಟ್ರೇ? — ಶಿವಮೊಗ್ಗ

ಅಲಾರಂ ಬಗ್ಗೆ ಆಗಲೇ ಹೇಳಿದೆ. ಸರ್ಕಾರದ ಇ-ಸಂಜೀವನಿ ಇದೆ. ವಿಡಿಯೊದಲ್ಲಿ ಡಾಕ್ಟರನ್ನು ಕಾಣಬಹುದು, ದುಡ್ಡಿಲ್ಲ. ನಿಮ್ಮ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಉಪಕೇಂದ್ರದಲ್ಲಿ ಕೂತು ಮಾತಾಡಿಸಿ ಎಂದು ಕೇಳಿ. ಇನ್ನೊಂದು ದಾಮಿನಿ, ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಹತ್ತಿರದಲ್ಲಿ ಸಿಡಿಲು ಬಡಿಯುತ್ತಿದ್ದರೆ ಮೊದಲೇ ಎಚ್ಚರಿಸುತ್ತದೆ, ಲೊಕೇಶನ್ ಆನ್ ಇರಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಅದು ಕೂಗಿತೆಂದರೆ ತೋಟದಲ್ಲಿದ್ದವರು ಮರದಡಿ ನಿಲ್ಲದೆ ಮನೆ ಸೇರಿಕೊಳ್ಳಿ. ಕೈಯಲ್ಲಿ ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಇದ್ದರೆ ಅಲ್ಲೇ ಮಲಗಿಸಿ ಬನ್ನಿ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಅಂಗಡಿಯವರು ಯಾರಾದರೂ ಹೇಳಿದ್ದರೆ ಅದು ತಪ್ಪು, ಅಲ್ಯೂಮಿನಿಯಮ್ಮಿನ ಹಾಗೆ ಅದರಲ್ಲೂ ಹರಿಯುತ್ತದೆ.