ದಿನವೂ ಮೊಟ್ಟೆ ತಿನ್ನಬಹುದೇ? ಕೊಲೆಸ್ಟ್ರಾಲ್ ಕುರಿತ ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ವೈದ್ಯರೇ, ನನಗೆ 46 ವರ್ಷ. ರಕ್ತದೊತ್ತಡವಾಗಲಿ ಸಕ್ಕರೆ ಕಾಯಿಲೆಯಾಗಲಿ ಇಲ್ಲ, ಧೂಮಪಾನದ ಅಭ್ಯಾಸವೂ ಇಲ್ಲ. ಹಲವು ವರ್ಷಗಳಿಂದ ಬೆಳಗಿನ ಉಪಾಹಾರದ ಜೊತೆ ಎರಡು ಬೇಯಿಸಿದ ಮೊಟ್ಟೆಗಳನ್ನು ತಿನ್ನುತ್ತಿದ್ದೇನೆ. ಇತ್ತೀಚಿನ ರಕ್ತಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 222, ಕೆಟ್ಟದೆಂದು ಕರೆಯುವ ಎಲ್‌ಡಿಎಲ್ ಕೊಲೆಸ್ಟ್ರಾಲ್ 146, ಎಚ್‌ಡಿಎಲ್ 48, ಟ್ರೈಗ್ಲಿಸರೈಡ್ 140 ಎಂದು ಬಂದಿದೆ. ಮೊಟ್ಟೆಯನ್ನು ಇಂದೇ ನಿಲ್ಲಿಸಿ ಎಂದು ಒಬ್ಬ ಸ್ನೇಹಿತರು ಹೇಳುತ್ತಾರೆ. ಆಹಾರದಲ್ಲಿರುವ ಕೊಲೆಸ್ಟ್ರಾಲಿಗೂ ರಕ್ತದಲ್ಲಿರುವ ಕೊಲೆಸ್ಟ್ರಾಲಿಗೂ ಸಂಬಂಧವೇ ಇಲ್ಲವೆಂದು ಸಾಬೀತಾಗಿದೆ, ಎಷ್ಟು ಬೇಕಾದರೂ ತಿನ್ನಿ ಎಂದು ಇನ್ನೊಬ್ಬರು ಹೇಳುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಇಬ್ಬರು ಸ್ನೇಹಿತರೂ ಸತ್ಯದ ಒಂದೊಂದು ತುದಿಯನ್ನು ಹಿಡಿದು ಎಳೆಯುತ್ತಿದ್ದಾರೆ. ಮೊಟ್ಟೆಯ ಕೊಲೆಸ್ಟ್ರಾಲ್ ರಕ್ತದ ಕೊಲೆಸ್ಟ್ರಾಲನ್ನು ಏರಿಸುತ್ತದೆ ಎಂಬುದು ನಿಜ. ಆದರೆ ಆ ಏರಿಕೆ ಬಹುಪಾಲು ಜನರಲ್ಲಿ ಚಿಕ್ಕದು, ನಿಮ್ಮ ವರದಿಯಲ್ಲಿ ಕಾಣುತ್ತಿರುವ 146ಕ್ಕೆ ಮೊಟ್ಟೆಯೊಂದನ್ನೇ ಹೊಣೆ ಮಾಡುವಷ್ಟು ದೊಡ್ಡದಲ್ಲ.

ಮೊದಲು ಮೊಟ್ಟೆಯಲ್ಲಿ ಏನಿದೆ ಎಂಬುದನ್ನು ನೋಡೋಣ. ಸುಮಾರು 50 ಗ್ರಾಂ ತೂಗುವ ದೊಡ್ಡ ಮೊಟ್ಟೆಯೊಂದರಲ್ಲಿ ಅಂದಾಜು 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ, ಅದೆಲ್ಲವೂ ಹಳದಿ ಭಾಗದಲ್ಲೇ ಇರುತ್ತದೆ. ಒಟ್ಟು ಕೊಬ್ಬು ಸುಮಾರು 5 ಗ್ರಾಂ, ಅದರಲ್ಲಿ ರಕ್ತದ ಎಲ್‌ಡಿಎಲ್ ಅನ್ನು ಹೆಚ್ಚು ಏರಿಸುವ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಂನ ಆಸುಪಾಸು ಮಾತ್ರ. ಕೊಲೆಸ್ಟ್ರಾಲ್ ಬಹಳ, ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಎಂಬ ಈ ಅಪರೂಪದ ಜೋಡಣೆಯೇ ಇಷ್ಟು ವರ್ಷಗಳ ಗೊಂದಲಕ್ಕೆ ಮೂಲವೆಂದು ನನಗೆ ತೋರುತ್ತದೆ, ಏಕೆಂದರೆ ಬೇರೆ ಅನೇಕ ಪ್ರಾಣಿಜನ್ಯ ಆಹಾರಗಳಲ್ಲಿ ಇವೆರಡೂ ಒಟ್ಟಿಗೇ ಹೆಚ್ಚಾಗಿರುತ್ತವೆ.

ನಮ್ಮ ದೇಹಕ್ಕೆ ಕೊಲೆಸ್ಟ್ರಾಲ್ ಬೇಕೇ ಬೇಕು. ಜೀವಕೋಶಗಳ ಪೊರೆ, ಹಲವು ಹಾರ್ಮೋನುಗಳು, ಪಿತ್ತರಸದ ಆಮ್ಲಗಳು ಇವೆಲ್ಲ ಅದರಿಂದಲೇ ಆಗುತ್ತವೆ. ಅದರ ಹೆಚ್ಚಿನ ಪಾಲನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಆ ಕೆಲಸದಲ್ಲಿ ಯಕೃತ್ತಿನ ಪಾತ್ರ ದೊಡ್ಡದು. ಆಹಾರದಿಂದ ಹೆಚ್ಚು ಬಂದಾಗ ಯಕೃತ್ತು ತನ್ನ ತಯಾರಿಕೆಯನ್ನು ತಗ್ಗಿಸುತ್ತದೆ, ಕರುಳು ಹೀರಿಕೊಳ್ಳುವ ಪ್ರಮಾಣ ಇಳಿಯುತ್ತದೆ, ಪಿತ್ತರಸದ ಮೂಲಕ ಹೊರಹೋಗುವ ಪ್ರಮಾಣ ಹೆಚ್ಚುತ್ತದೆ. ಈ ಹೊಂದಾಣಿಕೆ ಎಷ್ಟರ ಮಟ್ಟಿಗೆ ನಡೆಯಬಲ್ಲದು ಎಂಬುದಕ್ಕೆ ವೈದ್ಯಕೀಯ ಸಾಹಿತ್ಯದಲ್ಲಿ ಒಂದು ವಿಸ್ಮಯಕರ ಉದಾಹರಣೆ ಇದೆ. ದಿನಕ್ಕೆ 25 ಮೊಟ್ಟೆ ತಿನ್ನುತ್ತಿದ್ದ 88 ವರ್ಷದ ವೃದ್ಧರೊಬ್ಬರ ರಕ್ತದ ಕೊಲೆಸ್ಟ್ರಾಲ್ ಸಾಮಾನ್ಯ ಮಟ್ಟದಲ್ಲೇ ಇದ್ದುದನ್ನು 1991ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು. ಪರೀಕ್ಷಿಸಿ ನೋಡಿದಾಗ, ತಿಂದ ಕೊಲೆಸ್ಟ್ರಾಲಿನಲ್ಲಿ ಅವರ ಕರುಳು ಹೀರುತ್ತಿದ್ದುದು ಕೇವಲ ಶೇ. 18ರಷ್ಟು ಎಂದು ತಿಳಿಯಿತು. ಎಲ್ಲರ ದೇಹವೂ ಹೀಗಿರುವುದಿಲ್ಲ, ಆದ್ದರಿಂದ ಅವರನ್ನು ಯಾರೂ ಅನುಸರಿಸಲು ಹೋಗಬಾರದು.

ಹಾಗಾದರೆ ಮೊಟ್ಟೆಯ ಮೇಲಿನ ಭಯ ಎಲ್ಲಿಂದ ಬಂತು? 1913ರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಅನಿಚ್ಕೊವ್ ಅವರು ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲನ್ನು ತಿನ್ನಿಸಿ, ಅವುಗಳ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನು ತೋರಿಸಿದರು. ಹೃದ್ರೋಗದ ಅಧ್ಯಯನದಲ್ಲಿ ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಮೊಲ ಸಸ್ಯಾಹಾರಿ ಪ್ರಾಣಿ. ಸಸ್ಯಗಳಲ್ಲಿ ಗಣನೀಯ ಕೊಲೆಸ್ಟ್ರಾಲ್ ಇಲ್ಲದಿರುವುದರಿಂದ, ಆಹಾರದಲ್ಲಿ ಬರುವ ಕೊಲೆಸ್ಟ್ರಾಲನ್ನು ನಿಭಾಯಿಸುವ ಶಕ್ತಿ ಅದರ ದೇಹಕ್ಕೆ ತೀರ ಕಡಿಮೆ. ಇಲಿ ಮತ್ತು ನಾಯಿಗಳಲ್ಲಿ ಅಷ್ಟು ಸುಲಭವಾಗಿ ಅದೇ ಫಲಿತಾಂಶ ಸಿಗಲಿಲ್ಲ. ಮುಂದೆ 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿಲಿಗ್ರಾಂಗಿಂತ ಕಡಿಮೆ ಕೊಲೆಸ್ಟ್ರಾಲ್, ವಾರಕ್ಕೆ ಮೂರಕ್ಕಿಂತ ಹೆಚ್ಚಿಲ್ಲದಂತೆ ಮೊಟ್ಟೆಯ ಹಳದಿ ಎಂಬ ಸಲಹೆ ನೀಡಿತು. 2015ರಿಂದ 2020ರ ಅವಧಿಗೆ ಅಮೆರಿಕ ಸರ್ಕಾರ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಆ 300ರ ಮಿತಿ ಕಾಣೆಯಾಯಿತು. ನಿಮ್ಮ ಎರಡನೆಯ ಸ್ನೇಹಿತರು ಕೇಳಿದ್ದು ಈ ಸುದ್ದಿಯನ್ನೇ ಇರಬೇಕು. ಆದರೆ ಅದೇ ಮಾರ್ಗಸೂಚಿ, ಆರೋಗ್ಯಕರ ಆಹಾರಕ್ರಮದ ಚೌಕಟ್ಟಿನಲ್ಲಿ ಕೊಲೆಸ್ಟ್ರಾಲನ್ನು ಆದಷ್ಟು ಕಡಿಮೆ ಸೇವಿಸಿ ಎಂದೂ ಹೇಳಿತ್ತು. ಮಿತಿಯ ಸಂಖ್ಯೆ ಹೋಗಿದ್ದು ಎಲ್ಲರಿಗೂ ತಿಳಿಯಿತು, ಜೊತೆಗಿದ್ದ ಈ ವಾಕ್ಯ ಹೆಚ್ಚು ಜನರನ್ನು ತಲುಪಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಜನರಿಗೆ ಮೊಟ್ಟೆ ತಿನ್ನಿಸಿ ರಕ್ತ ಪರೀಕ್ಷಿಸಿದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2001ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಆಹಾರದಲ್ಲಿ ದಿನಕ್ಕೆ 100 ಮಿಲಿಗ್ರಾಂ ಕೊಲೆಸ್ಟ್ರಾಲ್ ಹೆಚ್ಚಾದರೆ ರಕ್ತದ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ ಸರಾಸರಿ 2.2 ಮಿಲಿಗ್ರಾಂ ಏರುತ್ತದೆ, ಒಳ್ಳೆಯದೆಂದು ಕರೆಯುವ ಎಚ್‌ಡಿಎಲ್ ಕೂಡ 0.3ರಷ್ಟು ಏರುತ್ತದೆ. ಈ ಸರಾಸರಿಯನ್ನು ನಿಮಗೆ ಅನ್ವಯಿಸಿದರೆ, ಎರಡು ಮೊಟ್ಟೆಗಳಿಂದ ನಿಮ್ಮ ಒಟ್ಟು ಕೊಲೆಸ್ಟ್ರಾಲಿಗೆ ಸೇರಿರಬಹುದಾದದ್ದು ಸುಮಾರು 8. ಅಂದರೆ ಮೊಟ್ಟೆಯನ್ನು ಪೂರ್ತಿ ಬಿಟ್ಟರೂ ನಿಮ್ಮ ಎಲ್‌ಡಿಎಲ್ 146ರಿಂದ 140ರ ಹತ್ತಿರಕ್ಕೆ ಬರಬಹುದೇ ಹೊರತು, ನಾವು ಬಯಸುವ 100ರೊಳಗೆ ಬರಲಾರದು. ಇದು ಸರಾಸರಿಯ ಮಾತು ಎಂಬುದನ್ನು ಮರೆಯಬೇಡಿ. ಕೆಲವರ ಕರುಳು ಕೊಲೆಸ್ಟ್ರಾಲನ್ನು ಹೆಚ್ಚು ಹೀರುತ್ತದೆ, ಅವರಲ್ಲಿ ಏರಿಕೆ ಇದಕ್ಕಿಂತ ಬಹಳ ಹೆಚ್ಚಿರುತ್ತದೆ, ಮತ್ತು ನೀವು ಆ ಗುಂಪಿನವರೇ ಎಂಬುದನ್ನು ಮುಖ ನೋಡಿ ಯಾರೂ ಹೇಳಲಾರರು.

ಅದನ್ನು ತಿಳಿಯಲು ಸರಳವಾದ ದಾರಿಯೊಂದಿದೆ. ಉಳಿದ ಊಟ, ವ್ಯಾಯಾಮ, ದೇಹತೂಕ ಯಾವುದನ್ನೂ ಬದಲಾಯಿಸದೆ, ಎರಡು ತಿಂಗಳು ಹಳದಿ ಭಾಗವನ್ನು ಮಾತ್ರ ಬಿಡಿ. ಬಳಿಕ ಅದೇ ಪ್ರಯೋಗಾಲಯದಲ್ಲಿ, ಮೊದಲಿನಂತೆಯೇ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ರಕ್ತದ ಮಟ್ಟ ದಿನದಿಂದ ದಿನಕ್ಕೆ ತಾನಾಗಿಯೇ ಸ್ವಲ್ಪ ಏರಿಳಿಯುವುದರಿಂದ ನಾಲ್ಕೈದು ಅಂಶಗಳ ವ್ಯತ್ಯಾಸಕ್ಕೆ ಅರ್ಥ ಕಟ್ಟಬೇಡಿ. ಇಪ್ಪತ್ತು, ಮೂವತ್ತು ಇಳಿದರೆ ನಿಮ್ಮ ದೇಹ ಮೊಟ್ಟೆಗೆ ಹೆಚ್ಚು ಸ್ಪಂದಿಸುತ್ತದೆ ಎಂದು ತಿಳಿದು ಮುಂದೆಯೂ ಮಿತಿ ಹಾಕಿಕೊಳ್ಳಿ. ಏನೂ ಬದಲಾಗದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು: ಬೆಣ್ಣೆ, ಕೆನೆ, ಕೊಬ್ಬಿನ ಮಾಂಸ, ಬೇಕರಿ ತಿನಿಸುಗಳ ಮೂಲಕ ಬರುವ ಸ್ಯಾಚುರೇಟೆಡ್ ಕೊಬ್ಬು ಮತ್ತು ಟ್ರಾನ್ಸ್ ಕೊಬ್ಬು, ಸೊಂಟದ ಸುತ್ತ ಸೇರಿದ ತೂಕ, ಅಥವಾ ಥೈರಾಯ್ಡ್ ಗ್ರಂಥಿಯ ಮಂದಗತಿ. ಎಲ್‌ಡಿಎಲ್ ಹೆಚ್ಚಿರುವವರು ಒಮ್ಮೆಯಾದರೂ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅದು ಚಿಕಿತ್ಸೆಗೆ ಸುಲಭವಾಗಿ ಬಗ್ಗುವ ಕಾರಣ. ನಿಮ್ಮ ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಹುಟ್ಟಿನಿಂದಲೇ ಎಲ್‌ಡಿಎಲ್ ಅತಿಯಾಗಿರುವ ಆನುವಂಶಿಕ ತೊಂದರೆ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಎಲ್‌ಡಿಎಲ್ 190 ದಾಟಿದವರಲ್ಲಿ ಅದನ್ನು ಶಂಕಿಸಬೇಕಾಗುತ್ತದೆ, ಪಥ್ಯವೊಂದರಿಂದ ಅದು ಹತೋಟಿಗೆ ಬರುವುದಿಲ್ಲ.

ರಕ್ತದ ಅಂಕಿ ಹಾಗಿರಲಿ, ಮೊಟ್ಟೆ ತಿನ್ನುವವರಿಗೆ ಹೃದಯಾಘಾತ ಹೆಚ್ಚೇ ಎಂದು ನೀವು ಕೇಳಬಹುದು. ಇಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2019ರಲ್ಲಿ ಅಮೆರಿಕದ ಸುಮಾರು 29,600 ಜನರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು, ದಿನಕ್ಕೆ ಪ್ರತಿ 300 ಮಿಲಿಗ್ರಾಂ ಹೆಚ್ಚುವರಿ ಕೊಲೆಸ್ಟ್ರಾಲಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ. 17ರಷ್ಟು ಹೆಚ್ಚಿದ್ದುದನ್ನು ಕಂಡಿತು. ಮರುವರ್ಷವೇ ಪ್ರಕಟವಾದ, 50 ದೇಶಗಳ ಸುಮಾರು 1,77,000 ಜನರ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಚೀನಾದಲ್ಲಿ ಸುಮಾರು ಐದು ಲಕ್ಷ ವಯಸ್ಕರನ್ನು ಅನುಸರಿಸಿದ ಮತ್ತೊಂದು ಅಧ್ಯಯನದಲ್ಲಿ, ದಿನಕ್ಕೊಂದರವರೆಗೆ ಮೊಟ್ಟೆ ತಿನ್ನುವವರಲ್ಲಿ ಮೆದುಳಿನ ರಕ್ತಸ್ರಾವದಿಂದ ಆಗುವ ಪಾರ್ಶ್ವವಾಯು ಕಡಿಮೆಯೇ ಇತ್ತು. ಇವೆಲ್ಲ ಜನರ ನೆನಪನ್ನು ಆಧರಿಸಿ, ಅವರ ಊಟವನ್ನು ಅಂದಾಜು ಮಾಡಿದ ಅಧ್ಯಯನಗಳು. ಒಂದು ನಾಡಿನಲ್ಲಿ ಹೆಚ್ಚು ಮೊಟ್ಟೆ ತಿನ್ನುವವರು ಸಂಸ್ಕರಿಸಿದ ಮಾಂಸವನ್ನೂ ಹೆಚ್ಚು ತಿನ್ನುವವರು, ಧೂಮಪಾನಿಗಳು ಆಗಿರಬಹುದು. ಇನ್ನೊಂದು ನಾಡಿನಲ್ಲಿ ಅವರು ಒಳ್ಳೆಯ ಆದಾಯವಿದ್ದು ಎಲ್ಲ ಬಗೆಯ ಆಹಾರವನ್ನೂ ಉಣ್ಣಬಲ್ಲವರಾಗಿರಬಹುದು. ಈ ಬೇರೆ ಬೇರೆ ಎಳೆಗಳನ್ನು ಗಣಿತದಿಂದ ಪೂರ್ತಿ ಬಿಡಿಸಲು ಆಗುವುದಿಲ್ಲ.

ಇದನ್ನೆಲ್ಲ ತೂಗಿ ನೋಡಿದರೆ, ಆರೋಗ್ಯವಂತ ವಯಸ್ಕರು ದಿನಕ್ಕೊಂದು ಇಡೀ ಮೊಟ್ಟೆ ತಿನ್ನಲು ಹೆದರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ತಜ್ಞರ ಈಚಿನ ಸಲಹೆಯೂ ಹೆಚ್ಚುಕಡಿಮೆ ಇದೇ. ನಿಮ್ಮ ಎಲ್‌ಡಿಎಲ್ ಈಗಾಗಲೇ ಏರಿರುವುದರಿಂದ ಎರಡನ್ನು ಮುಂದುವರಿಸಿ ಎಂದು ನಾನು ಹೇಳಲಾರೆ. ಎರಡು ತಿಂಗಳ ಪರೀಕ್ಷೆಯ ಫಲ ತಿಳಿದ ಮೇಲೆ, ನಿಮ್ಮ ದೇಹ ಮೊಟ್ಟೆಗೆ ಹೆಚ್ಚು ಸ್ಪಂದಿಸುವುದಿಲ್ಲ ಎಂದಾದರೆ ದಿನಕ್ಕೆ ಒಂದಕ್ಕೆ ಹಿಂದಿರುಗಿ.

ಪ್ರಶ್ನೆ: ನಮ್ಮ ತಾಯಿಯವರಿಗೆ 68 ವರ್ಷ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಹಿಂದೊಮ್ಮೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಲಾಗಿದೆ. ಈಗ ಊಟ ಕಡಿಮೆಯಾಗಿ ತುಂಬ ಸೊರಗಿದ್ದಾರೆ. ಪ್ರೋಟೀನಿಗಾಗಿ ದಿನವೂ ಮೊಟ್ಟೆ ಕೊಡಬೇಕೆಂದಿದ್ದೇನೆ. ಅಪಾಯವಿದೆಯೇ?

ಉತ್ತರ: ನಿಮ್ಮ ತಾಯಿಯವರ ವಿಷಯದಲ್ಲಿ ಮೇಲಿನ ಉತ್ತರವನ್ನು ಹಾಗೆಯೇ ಬಳಸಬೇಡಿ. ಅಮೆರಿಕದ ದಾದಿಯರು ಮತ್ತು ಆರೋಗ್ಯ ವೃತ್ತಿಯವರನ್ನು ದೀರ್ಘಕಾಲ ಅನುಸರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಂದು ಮೊಟ್ಟೆಯವರೆಗೆ ಸಾಮಾನ್ಯರಲ್ಲಿ ಹೃದ್ರೋಗ ಹೆಚ್ಚಲಿಲ್ಲವಾದರೂ, ಮಧುಮೇಹ ಇದ್ದವರಲ್ಲಿ ಮಾತ್ರ ಅಪಾಯ ಹೆಚ್ಚಿದಂತೆ ಕಂಡಿತ್ತು. ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದಲ್ಲಿ 140 ಜನರ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಮಧುಮೇಹ ಅಥವಾ ಅದರ ಪೂರ್ವಸ್ಥಿತಿಯಲ್ಲಿದ್ದವರು ಮೂರು ತಿಂಗಳು ವಾರಕ್ಕೆ 12 ಮೊಟ್ಟೆ ತಿಂದರೂ ಕೊಲೆಸ್ಟ್ರಾಲ್ ಕೆಡಲಿಲ್ಲ. ಸಮಾಧಾನದ ಸುದ್ದಿಯೇ, ಆದರೆ ಮೂರು ತಿಂಗಳ ರಕ್ತದ ಅಂಕಿಯಿಂದ ಹತ್ತು ವರ್ಷದ ಹೃದಯದ ಸ್ಥಿತಿಯನ್ನು ಊಹಿಸಲಾಗದು.

ಸ್ಟೆಂಟ್ ಹಾಕಿಸಿಕೊಂಡವರ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕೆಂದು ವೈದ್ಯರು ಬಯಸುತ್ತಾರೆ, ಕೆಲವು ಮಾರ್ಗಸೂಚಿಗಳು 55ಕ್ಕಿಂತ ಕೆಳಗೆ ಎನ್ನುತ್ತವೆ. ಅಷ್ಟು ಬಿಗಿಯಾದ ಗುರಿಯಿರುವಾಗ ಸಣ್ಣ ಏರಿಕೆಗೂ ಬೆಲೆಯಿದೆ. ಆದರೆ ಸೊರಗಿದ ವೃದ್ಧರಿಗೆ ಮೆತ್ತಗಿರುವ, ಸುಲಭವಾಗಿ ಜೀರ್ಣವಾಗುವ ಪ್ರೋಟೀನನ್ನು ಭಯದಿಂದ ನಿರಾಕರಿಸುವುದೂ ತಪ್ಪೇ. ಸ್ನಾಯು ಕರಗಿ, ಆಯತಪ್ಪಿ ಬಿದ್ದು ಮೂಳೆ ಮುರಿದುಕೊಳ್ಳುವುದು ಆ ವಯಸ್ಸಿನಲ್ಲಿ ಹೃದ್ರೋಗದಷ್ಟೇ ಕ್ರೂರವಾದ ಸಂಗತಿ. ನನ್ನನ್ನು ಕೇಳಿದರೆ, ವಾರಕ್ಕೆ ಮೂರು ನಾಲ್ಕು ಇಡೀ ಮೊಟ್ಟೆ, ಉಳಿದ ದಿನಗಳಲ್ಲಿ ಎರಡು ಮೂರು ಮೊಟ್ಟೆಗಳ ಬಿಳಿ ಭಾಗ ಕೊಡಿ; ಬೇಯಿಸಿಯೇ ಕೊಡಿ, ಬೆಣ್ಣೆಯಲ್ಲಿ ಹುರಿದು ಬೇಡ. ಇದನ್ನು ಆರಂಭಿಸುವ ಮುನ್ನ ಅವರ ಮೂತ್ರಪಿಂಡದ ಪರೀಕ್ಷೆ ನೋಡಿದ ವೈದ್ಯರನ್ನು ಕೇಳುವುದು ಅಗತ್ಯ, ಏಕೆಂದರೆ ಬಹುಕಾಲದ ಮಧುಮೇಹದಿಂದ ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರೋಟೀನಿನ ಪ್ರಮಾಣವನ್ನೇ ಬೇರೆಯಾಗಿ ನಿರ್ಧರಿಸಬೇಕಾಗುತ್ತದೆ.

ಪ್ರಶ್ನೆ: ನಾನು 21 ವರ್ಷದ ವಿದ್ಯಾರ್ಥಿ, ದಿನವೂ ವ್ಯಾಯಾಮ ಮಾಡುತ್ತೇನೆ. ಕೊಲೆಸ್ಟ್ರಾಲ್ ಭಯಕ್ಕೆ ಹಳದಿಯನ್ನು ಎಸೆದು, ಬಿಳಿ ಭಾಗವನ್ನು ಹಸಿಯಾಗಿಯೇ ಕುಡಿಯುತ್ತೇನೆ. ಸರಿಯೇ?

ಉತ್ತರ: ಎರಡೂ ಬೇಡ. ಮೊಟ್ಟೆಯ ಆರು ಗ್ರಾಂ ಪ್ರೋಟೀನಿನಲ್ಲಿ ಐದರಲ್ಲಿ ಎರಡು ಪಾಲು ಹಳದಿಯಲ್ಲೇ ಇರುತ್ತದೆ. ಕೋಲಿನ್, ಎ ಮತ್ತು ಡಿ ಜೀವಸತ್ವಗಳು, ಬಿ12ರ ಬಹುಪಾಲು, ಕಣ್ಣಿಗೆ ಬೇಕಾದ ಲ್ಯೂಟಿನ್ ಇವೂ ಅಲ್ಲಿಯೇ ಇವೆ. ನಿಮ್ಮ ರಕ್ತಪರೀಕ್ಷೆ ಸಾಮಾನ್ಯವಾಗಿದ್ದರೆ ಒಂದು ಇಡೀ ಮೊಟ್ಟೆ ತಿಂದು, ಹೆಚ್ಚು ಪ್ರೋಟೀನ್ ಬೇಕಾದಾಗ ಮಾತ್ರ ಬಿಳಿ ಭಾಗವನ್ನು ಸೇರಿಸಿಕೊಳ್ಳಿ. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕಿನ ಅಪಾಯವಿದೆ, ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಅಂಶ ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಇಷ್ಟಾಗಿಯೂ ನಿಮಗೆ ಸಿಗುವ ಲಾಭ ಕಡಿಮೆಯೇ: ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇ. 90ರಷ್ಟು ಜೀರ್ಣವಾದರೆ, ಹಸಿಯದರಲ್ಲಿ ಶೇ. 50ರಷ್ಟು ಮಾತ್ರ ಜೀರ್ಣವಾಗುತ್ತದೆ ಎಂದು ಪ್ರಯೋಗದಲ್ಲಿ ಕಂಡುಬಂದಿದೆ.

ಪ್ರಶ್ನೆ: ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಾತ್ರೆ ಇರುವುದರಿಂದ ಮೊಟ್ಟೆಗೆ ಮಿತಿ ಬೇಕಿಲ್ಲವಲ್ಲವೇ? ಇಲ್ಲವಾದರೆ ಮೊಟ್ಟೆ ಬಿಟ್ಟು ಮಾತ್ರೆಯನ್ನೇ ನಿಲ್ಲಿಸಬಹುದೇ?

ಉತ್ತರ: ಸ್ಟ್ಯಾಟಿನ್ ತಡೆಯುವುದು ಯಕೃತ್ತಿನಲ್ಲಿ ನಡೆಯುವ ಕೊಲೆಸ್ಟ್ರಾಲ್ ತಯಾರಿಕೆಯನ್ನು. ಕರುಳಿನಿಂದ ಒಳಬರುವ ಕೊಲೆಸ್ಟ್ರಾಲನ್ನು ಅದು ತಡೆಯುವುದಿಲ್ಲ. ತಯಾರಿಕೆ ಕುಗ್ಗಿದಾಗ ಕರುಳು ಮೊದಲಿಗಿಂತ ಸ್ವಲ್ಪ ಹೆಚ್ಚೇ ಹೀರಬಹುದು. ಹೀಗಾಗಿ ಮಾತ್ರೆಯನ್ನು ಮಿತಿಯಿಲ್ಲದೆ ತಿನ್ನಲು ಸಿಕ್ಕ ಪರವಾನಗಿಯೆಂದು ತಿಳಿಯಬೇಡಿ. ನಿಮ್ಮ ಎಲ್‌ಡಿಎಲ್ ವೈದ್ಯರು ಹೇಳಿದ ಗುರಿಯೊಳಗೆ ಇದ್ದರೆ ದಿನಕ್ಕೊಂದು ಮೊಟ್ಟೆಗೆ ಅಡ್ಡಿಯಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ, ಖಂಡಿತ ಕೂಡದು. ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಅದರ ಪ್ರಮಾಣಕ್ಕೆ ತಕ್ಕಂತೆ ಶೇ. 30ರಿಂದ 50ರಷ್ಟು ಇಳಿಸುತ್ತದೆ, ಮೊಟ್ಟೆ ಬಿಡುವುದರಿಂದ ಸಾಮಾನ್ಯವಾಗಿ ಅದರ ಸಣ್ಣ ಪಾಲಿನಷ್ಟು ಮಾತ್ರ ಇಳಿಯುತ್ತದೆ. ಮಾತ್ರೆಯಿಂದ ಸ್ನಾಯುನೋವು ಅಥವಾ ಬೇರೆ ತೊಂದರೆ ಆಗುತ್ತಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರಿಗೇ ತಿಳಿಸಿ. ಪ್ರಮಾಣ ತಗ್ಗಿಸುವ, ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸುವ, ಕರುಳಿನಲ್ಲಿ ಹೀರಿಕೆಯನ್ನು ತಡೆಯುವ ಎಜೆಟಿಮೈಬ್ ಸೇರಿಸುವ ದಾರಿಗಳು ಅವರ ಬಳಿ ಇವೆ.