ಪೆಟ್ಟಿಗೆ ಮೇಲಿನ 3000 ಲೀಟರ್ ತೊಟ್ಟಿಗೆ ಬರುವುದಿಲ್ಲ

ಪ್ರಶ್ನೆ: ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇದೆ. ಕ್ಲೌನ್ ಮೀನು, ಝೋವಾಂತಿಡ್ (ಗುಂಡಿಯಂಥ ಪುಟ್ಟ ಹವಳಜೀವಿ), ಒಂದು ಹ್ಯಾಮರ್ ಕೋರಲ್ ಇವೆ. ಕೆಳಗೆ ಸಂಪ್ (ನೀರು ಇಳಿದು ಶುದ್ಧವಾಗುವ ಎರಡನೇ ತೊಟ್ಟಿ). ಅಲ್ಲಿಂದ ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪಿನ ಪೆಟ್ಟಿಗೆ ಮೇಲೆ ಗಂಟೆಗೆ 3000 ಲೀಟರ್, 2.5 ಮೀಟರ್ ಎಂದಿದೆ. ಅರ್ಧ ಇಂಚಿನ ಪೈಪು, ನಾಲ್ಕು ಎಲ್ಬೋ. ಮೇಲೆ ಬರುವ ನೀರು ಅಷ್ಟಿಲ್ಲ. ಕಲ್ಲುಗಳ ಹಿಂದೆ ಕೆಂಪು ಲೋಳೆ ಹಬ್ಬುತ್ತಿದೆ. 6000 ಲೀಟರಿನ ಪಂಪ್ ತರಲೇ? (ಮೈಸೂರಿನ ಓದುಗರು)

ಉತ್ತರ: ಬೇಡ. ಪಂಪು ಬದಲಿಸಿದರೆ ಲೋಳೆ ಹೋಗುವುದಿಲ್ಲ.

ಪೆಟ್ಟಿಗೆ ಮೇಲಿನ 3000 ಎಂಬುದು ನೀರನ್ನು ಒಂದಿಷ್ಟೂ ಮೇಲೆತ್ತದೆ ಇದ್ದಾಗಿನ ಲೆಕ್ಕ. 2.5 ಮೀಟರ್ ಎಂದರೆ ಆ ಎತ್ತರಕ್ಕೆ ಹೋಗುವ ಹೊತ್ತಿಗೆ ಹರಿವು ಸೊನ್ನೆ. ಸಂಪಿನ ನೀರಿನ ಮಟ್ಟದಿಂದ ತೊಟ್ಟಿಯ ನೀರಿನ ಮಟ್ಟಕ್ಕೆ ನಿಮ್ಮಲ್ಲಿ ಮೂರೂವರೆ ಅಡಿ, ಅಂದರೆ ಒಂದು ಮೀಟರಿಗಿಂತ ತುಸು ಹೆಚ್ಚು ಇರಬಹುದು. ಅದರ ಮೇಲೆ ಪೈಪಿನ ತಿಕ್ಕಾಟ. ಅರ್ಧ ಇಂಚಿನ ಪೈಪು ಇಲ್ಲಿ ದೊಡ್ಡ ಕಳ್ಳ. ಪ್ರತಿ ಎಲ್ಬೋ ಒಂದೂವರೆ ಅಡಿ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ ಎಂದಿಟ್ಟುಕೊಂಡರೆ ನಿಮಗೆ ಸಿಗುತ್ತಿರುವುದು ಗಂಟೆಗೆ ಸುಮಾರು 1000 ಲೀಟರ್. ಇದೇ ಪೈಪಿಗೆ 6000ದ ಪಂಪ್ ಕೂರಿಸಿದರೂ 1500ರ ಆಸುಪಾಸಿಗೆ ನಿಲ್ಲುತ್ತದೆ. ಅದೇ ಹಳೇ ಪಂಪಿಗೆ ಒಂದಿಂಚಿನ ಪೈಪು ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಪೈಪಿಗೆ ಖರ್ಚು ಒಮ್ಮೆ, ದೊಡ್ಡ ಪಂಪಿಗೆ ತಿಂಗಳು ತಿಂಗಳೂ ಕರೆಂಟ್ ಬಿಲ್. ನೀರೊಳಗಿನ ಪಂಪು ತಿನ್ನುವ ಕರೆಂಟೆಲ್ಲ ಕೊನೆಗೆ ಶಾಖವಾಗಿ ನೀರಿಗೇ ಸೇರುತ್ತದೆ. ಏಪ್ರಿಲ್ ತಿಂಗಳಲ್ಲಿ ಅದು ನೀರು ತಂಪಾಗಿಸುವ ಚಿಲ್ಲರ್ ಮೇಲೆ ಬೀಳುವ ಹೊರೆ.

ಊಹೆ ಬೇಡ, ಅಳೆದು ನೋಡಿ. ಓವರ್‌ಫ್ಲೋ ಪೈಪು ಸಂಪಿಗೆ ಬೀಳುವ ಜಾಗದಲ್ಲಿ 10 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. 36000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂದು ಬರುತ್ತದೆ. 36 ಸೆಕೆಂಡಿಗೆ ತುಂಬಿದರೆ 1000. ಇಳಿಯುವಷ್ಟೇ ನೀರು ಏರುತ್ತಿರುತ್ತದೆ, ಹಾಗಾಗಿ ಮೇಲಿನ ನಳಿಕೆ ಬಿಚ್ಚಬೇಕಿಲ್ಲ. 700ಕ್ಕಿಂತ ಕಡಿಮೆ ಬಂದರೆ ಮೊದಲು ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ) ನೋಡಿ. ಅದರ ಮೇಲೆ ಸುಣ್ಣದಂಥ ಗಟ್ಟಿ ಪದರ ಕಟ್ಟಿರುತ್ತದೆ. ಸಮಪಾಲು ಬಿಳಿ ವಿನೆಗರ್ ಮತ್ತು ನೀರು ಬೆರೆಸಿದ ಬಕೆಟಿನಲ್ಲಿ ಪಂಪನ್ನು ಒಂದು ಗಂಟೆ ಓಡಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಮೂರು ನಾಲ್ಕು ತಿಂಗಳಿಗೊಮ್ಮೆ ಇದು ಬೇಕೇ ಬೇಕು.

ಈಗ ತೊಟ್ಟಿಯ ಲೆಕ್ಕ. 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಅಂತರ ಕಳೆದರೆ 220. ಸಂಪಿನ ಮೂಲಕ ಗಂಟೆಗೆ ನಾಲ್ಕೈದು ಸಲ ನೀರು ಸುತ್ತಿದರೆ ಸಾಕು, ಅದು 900ರಿಂದ 1100 ಲೀಟರ್. ನಿಮಗೆ ಅದು ಸಿಗುತ್ತಲೇ ಇದೆ! ರಿಟರ್ನ್ ಪಂಪಿನ ಕೆಲಸ ನೀರನ್ನು ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ) ಮತ್ತು ಹೀಟರಿಗೆ ತಲುಪಿಸುವುದಷ್ಟೇ. ಕಲ್ಲಿನ ಹಿಂದಿನ ನೀರನ್ನು ಕದಡುವುದು ವೇವ್‌ಮೇಕರ್, ಅಂದರೆ ತೊಟ್ಟಿಯೊಳಗೇ ಗಾಜಿಗೆ ಅಂಟಿಸುವ ಪಂಪಿನ ಕೆಲಸ. ನಿಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ನಿಮ್ಮಲ್ಲಿರುವ ಕೋರಲ್‌ಗಳಿಗೆ ತೊಟ್ಟಿಯ ನೀರಿನ 20ರಿಂದ 30 ಪಟ್ಟು ಹರಿವು ಬೇಕು, ಅಂದರೆ 4400ರಿಂದ 6600 ಲೀಟರ್. 6000ದ ಒಂದು ವೇವ್‌ಮೇಕರ್ ಬದಲು 3000ದವು ಎರಡು ತನ್ನಿ. ಎಡ ಬಲ ಗಾಜುಗಳಿಗೆ ಒಂದೊಂದು, ನೀರಿನ ಮೇಲ್ಮೈಯಿಂದ ನಾಲ್ಕೈದು ಇಂಚು ಕೆಳಗೆ. ಒಂದನ್ನು ಮುಂಗಾಜಿನ ಕಡೆಗೂ ಇನ್ನೊಂದನ್ನು ಕಲ್ಲಿನ ಹಿಂದಿನ ಸಂದಿಗೂ ತಿರುಗಿಸಿ. ಕಂಟ್ರೋಲರ್ ಇದ್ದರೆ ಸರದಿಯಲ್ಲಿ ಓಡಲಿ. ಹ್ಯಾಮರ್ ಮೇಲೆ ನೇರವಾಗಿ ನೀರು ಬಡಿಯಬಾರದು, ಅದರ ಮಾಂಸ ಅಸ್ಥಿಯಂಚಿಗೆ ಉಜ್ಜಿ ಸೀಳಿಹೋಗುತ್ತದೆ. ಗ್ರಹಣಾಂಗಗಳು ತೂಗಾಡಬೇಕು, ಒಂದೇ ದಿಕ್ಕಿಗೆ ಬಾಗಿ ನಿಲ್ಲಬಾರದು. ಮರಳು ಸರಿದು ತಳದ ಗಾಜು ಕಂಡರೆ ವೇವ್‌ಮೇಕರನ್ನು ತುಸು ಮೇಲ್ಮುಖ ಮಾಡಿ. ಕಲ್ಲು ಹಿಂಗಾಜಿಗೆ ಒರಗಿದ್ದರೆ ಎರಡು ಮೂರು ಇಂಚು ಮುಂದೆ ತನ್ನಿ, ಇಲ್ಲದಿದ್ದರೆ ಎಷ್ಟು ಪಂಪು ಇಟ್ಟರೂ ಅಲ್ಲಿ ನೀರು ನಿಂತೇ ಇರುತ್ತದೆ. ಇರುವ ಲೋಳೆಯನ್ನು ನೀರು ಬದಲಿಸುವಾಗ ಟ್ಯೂಬಿನಿಂದ ಹೀರಿ ತೆಗೆಯಿರಿ, ಮೀನಿನ ಆಹಾರವನ್ನೂ ಕಡಿಮೆ ಮಾಡಿ.

ಪ್ರಶ್ನೆ: ಕರೆಂಟ್ ಹೋದಾಗಲೆಲ್ಲ ಸಂಪ್ ತುಂಬಿ ನೆಲಕ್ಕೆ ಚೆಲ್ಲುತ್ತದೆ. ನಮ್ಮದೂ ನಾಲ್ಕಡಿ ತೊಟ್ಟಿ. ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ಹಾಕಿದರೆ ಸಾಲದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಚೆಕ್ ವಾಲ್ವ್ ನಂಬಬೇಡಿ. ಅದರ ಬಾಯಿಗೆ ಒಂದು ಚೂರು ಸುಣ್ಣವೋ ಪುಟ್ಟ ಬಸವನಹುಳುವೋ ಸಿಕ್ಕಿಕೊಂಡರೆ ಮುಚ್ಚುವುದಿಲ್ಲ. ಪಂಪು ನಿಂತ ಕೂಡಲೇ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ, ನಳಿಕೆಯ ಬಾಯಿಗೆ ಗಾಳಿ ಸಿಗುವ ತನಕ. ನಳಿಕೆ ಎರಡು ಇಂಚು ಮುಳುಗಿದ್ದರೆ, ಒಂದೂವರೆ ಅಡಿ ಅಗಲದ ತೊಟ್ಟಿಯಿಂದ 28 ಲೀಟರ್ ಕೆಳಗಿಳಿಯುತ್ತದೆ. ಎರಡಡಿಗೆ ಒಂದಡಿಯ ಸಂಪಿನಲ್ಲಿ ಅದು ಅರ್ಧ ಅಡಿ ಏರಿಕೆ. ನಳಿಕೆಯನ್ನು ಅರ್ಧ ಇಂಚಿಗೆ ಎತ್ತಿದರೆ 7 ಲೀಟರ್ ಮಾತ್ರ. ಜೊತೆಗೆ ನೀರಿನ ಮಟ್ಟದ ತುಸು ಕೆಳಗೆ ರಿಟರ್ನ್ ಪೈಪಿಗೆ 4 ಮಿಲಿಮೀಟರಿನ ತೂತು ಕೊರೆಯಿರಿ. ಪಾಚಿ ಕಟ್ಟಿದರೆ ತೂತು ಇದ್ದೂ ಇಲ್ಲದಂತೆ, ವಾರಕ್ಕೊಮ್ಮೆ ಚುಚ್ಚಿ ನೋಡಿ. ಆಮೇಲೆ ನೀವೇ ಸ್ವಿಚ್ ಆರಿಸಿ, ನೀರು ಸಂಪಿನ ಅಂಚಿಗೆ ಎರಡು ಇಂಚು ಕೆಳಗೆ ನಿಲ್ಲುವ ತನಕ ನೀರು ತೆಗೆಯಿರಿ. ಪಂಪು ಮತ್ತೆ ಹಾಕಿದಾಗ ಸಂಪಿನಲ್ಲಿ ಉಳಿಯುವ ಮಟ್ಟಕ್ಕೆ ಟೇಪ್ ಅಂಟಿಸಿ. ಆ ಗೆರೆ ದಾಟಿ ಎಂದೂ ತುಂಬಬೇಡಿ.

ಇನ್ವರ್ಟರ್ ಇದ್ದರೆ ಅದಕ್ಕೆ ರಿಟರ್ನ್ ಪಂಪು ಬೇಡ, ಮೇಲ್ಮೈ ಕದಡುವ ಒಂದು ವೇವ್‌ಮೇಕರ್ ಸಾಕು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಮೀನು ಮೊದಲು ಕಂಗೆಡುವುದು ಉಸಿರಿಗೆ.

ಪ್ರಶ್ನೆ: ಕೂಲರ್ ಪಂಪ್ ಅಗ್ಗಕ್ಕೆ ಸಿಗುತ್ತದೆ. ರಿಟರ್ನ್‌ಗೆ ನಡೆಯುತ್ತದೆಯೇ? (ಮಂಗಳೂರಿನ ಓದುಗರು)

ಉತ್ತರ: ಇಲ್ಲ. ಅದರೊಳಗೆ ಲೋಹದ ಶಾಫ್ಟ್ ಇದ್ದರೆ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಸೀಲ್ ಬಿಟ್ಟರೆ ನೀರಿಗೆ ಕರೆಂಟ್ ಇಳಿಯಬಹುದು, ತಾಮ್ರದ ಅಂಶ ಸೇರಿದರೆ ಸೀಗಡಿ, ಕೋರಲ್ ಉಳಿಯುವುದಿಲ್ಲ. ಸೆರಾಮಿಕ್ ಶಾಫ್ಟ್ ಇರುವ, ಉಪ್ಪುನೀರಿಗೆ ಎಂದು ಬರೆದಿರುವ ಪಂಪನ್ನೇ ಕೊಳ್ಳಿ. ಪಂಪು ಯಾವುದೇ ಇರಲಿ, ಆ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಹಾಕಿಸಿ.