ಯಾರ್ಕಂದ್ ಎಲ್ಲಿದೆ? ಅಲ್ಲಿನ ಜನ ಯಾರು, ಏನು ಮಾಡಿಕೊಂಡು ಬದುಕುತ್ತಾರೆ?

ಲೇಹ್‌ನ ಒಂದು ಹೋಟೆಲಿನ ಮೆನುವಿನಲ್ಲಿ 'ಯಾರ್ಕಂದಿ ಪುಲಾವ್' ಅಂತ ನೋಡಿ ಈ ಪ್ರಶ್ನೆ ಕೇಳಿದ್ದೀರಿ. ನಾನು ಕೆಲಸದ ಮೇಲೆ ಎರಡು ವರ್ಷ ಲೇಹ್‌ನಲ್ಲಿದ್ದೆ. ಯಾರ್ಕಂದ್‌ಗೆ ಹೋಗಿಲ್ಲ. ಆದರೆ ನಾನು ಬಾಡಿಗೆಗಿದ್ದ ಮನೆಯ ಓನರ್ ಅವರ ಅಜ್ಜ ಅಲ್ಲಿಂದ ಬಂದ ವ್ಯಾಪಾರಿ. ಆ ಊರಿನ ಪರಿಚಯ ನನಗೆ ಮೊದಲು ಆಗಿದ್ದು ಅವರ ಅಡುಗೆಮನೆಯಲ್ಲಿ. ಆಮೇಲೆ ಬಿಡದೆ ಓದುತ್ತಾ ಹೋದೆ.

ಯಾರ್ಕಂದ್ ಇರುವುದು ಚೀನಾದ ಪಶ್ಚಿಮ ತುದಿಯ ಶಿನ್‌ಜಿಯಾಂಗ್ ಪ್ರಾಂತ್ಯದಲ್ಲಿ. ಕಾಶ್ಗರ್ ಜಿಲ್ಲೆಗೆ ಸೇರಿದ ಒಂದು ಕೌಂಟಿ, ನಮ್ಮ ಲೆಕ್ಕಕ್ಕೆ ಒಂದು ದೊಡ್ಡ ತಾಲ್ಲೂಕು ಅನ್ನಿ. ಚೀನೀ ಹೆಸರು ಶಾಚೆ. ಏಳು ಲಕ್ಷಕ್ಕೂ ಜಾಸ್ತಿ ಜನ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಉಯ್ಘರರು. ಅವರ ಮಾತು ತುರ್ಕಿ ಬಳಗದ್ದು, ಬರೆಯುವುದು ಅರಬ್ಬಿ ಲಿಪಿಯಲ್ಲಿ, ಧರ್ಮ ಇಸ್ಲಾಂ. ಬಹುಪಾಲು ಎಲ್ಲರೂ ರೈತರು.

ಅಲ್ಲಿನ ಬೇಸಾಯ ಅರ್ಥವಾಗಬೇಕಾದರೆ ನೀರಿನ ಕಥೆ ತಿಳಿಯಬೇಕು. ಊರಿನ ಒಂದು ಕಡೆ ತಕ್ಲಮಕಾನ್ ಮರುಭೂಮಿ, ಇನ್ನೊಂದು ಕಡೆ ದೂರದಲ್ಲಿ ಕಾರಾಕೋರಂ ಬೆಟ್ಟಗಳು. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಬೆಟ್ಟದ ಹಿಮ ಕರಗಿ ಯಾರ್ಕಂದ್ ನದಿಯಲ್ಲಿ ಬರುವ ನೀರೇ ಎಲ್ಲಕ್ಕೂ ಆಧಾರ. ಬಿಸಿಲು ಏರಿದಷ್ಟೂ ನದಿ ತುಂಬುತ್ತದೆ. ನಮ್ಮ ರೈತ ಜೂನ್‌ನಲ್ಲಿ ಮೋಡ ನೋಡುತ್ತಾನೆ, ಅಲ್ಲಿಯವನು ಸೆಕೆಗೆ ಕಾಯುತ್ತಾನೆ! ಕಾಲುವೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಗೋಧಿ, ಮೆಕ್ಕೆಜೋಳ, ಹತ್ತಿ, ಅಕ್ರೋಟು, ದಾಳಿಂಬೆ. ಕಾಲುವೆ ಬದಿಗೆ ಸಾಲಾಗಿ ಪಾಪ್ಲರ್ ಮರಗಳು, ಹಿಪ್ಪುನೇರಳೆ ಮರಗಳು. ಕಾಲುವೆ ಮುಗಿದರೆ ಬರೀ ಮರಳು.

ಚೀನಾದಲ್ಲಿ ಯಾರ್ಕಂದ್ ಹೆಸರಾಗಿರುವುದು ಬಾದಾಮಿಗೆ. ಉಯ್ಘರರು ಅದನ್ನು 'ಬಾದಾಮ್' ಅಂತಲೇ ಕರೆಯುತ್ತಾರೆ. ಗಂಡಸರ ಒಂದು ಬಗೆಯ ಟೋಪಿಯ ಹೆಸರೇ 'ಬಾದಾಮ್ ದೊಪ್ಪ'. ಕಪ್ಪು ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಬಾದಾಮಿಯಾಕಾರದ ಕಸೂತಿ. ಬಜಾರ್, ದುಕಾನ್, ನಾನ್, ಅಂಜೂರ, ಇವೆಲ್ಲ ಅವರ ಮಾತಿನಲ್ಲೂ ಹೆಚ್ಚುಕಡಿಮೆ ಇದೇ ರೂಪದಲ್ಲಿವೆ. ನಮ್ಮ ಪುರಸೊತ್ತು ಅಲ್ಲಿ 'ಪುರ್ಸೆತ್', ಅಂದರೆ ಅವಕಾಶ. ಪಾರ್ಸಿಯಿಂದ ನಾವಿಬ್ಬರೂ ಸಾಲ ಪಡೆದ ಪದಗಳು ಇವು. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅದೇ ನೀರಿನಿಂದ ಒಂದು ಕಷ್ಟವೂ ಇತ್ತು. ಅಲ್ಲಿಯ ಮಣ್ಣು, ನೀರಿನಲ್ಲಿ ಅಯೋಡಿನ್ ಕಮ್ಮಿ. ಯಾರ್ಕಂದ್ ಜನರ ಗಂಟಲಿನಲ್ಲಿ ದೊಡ್ಡ ಗಡ್ಡೆ ಇರುತ್ತದೆ, ಅದಕ್ಕೆ ಕುಡಿಯುವ ನೀರೇ ಕಾರಣ ಅಂತ ಮಾರ್ಕೊ ಪೋಲೊ 13ನೇ ಶತಮಾನದಲ್ಲೇ ಹೇಳಿದ್ದ. ಅದು ಅಯೋಡಿನ್ ಕೊರತೆಯಿಂದ ಬರುವ ಗಳಗಂಡ.

ಇನ್ನು ಇತಿಹಾಸ. 1514ರಲ್ಲಿ ಸುಲ್ತಾನ್ ಸಯ್ಯದ್ ಖಾನ್ ಇಲ್ಲಿ ರಾಜ್ಯ ಕಟ್ಟಿದ. ದೌಲತ್ ಬೇಗ್ ಓಲ್ಡಿ ಅಂತ ಲಡಾಖಿನ ಗಡಿ ಠಾಣೆಯ ಹೆಸರು ನ್ಯೂಸ್‌ನಲ್ಲಿ ಕೇಳಿರುತ್ತೀರಿ, ಅಲ್ವಾ? 'ದೊಡ್ಡ ಶ್ರೀಮಂತ ಸತ್ತ ಜಾಗ' ಅಂತ ಅದರ ಅರ್ಥ. ಆ ಶ್ರೀಮಂತ ಇವನೇ ಅನ್ನುತ್ತಾರೆ. 1533ರಲ್ಲಿ ಲಡಾಖಿನ ದಂಡಯಾತ್ರೆ ಮುಗಿಸಿ ವಾಪಸ್ ಹೋಗುವಾಗ, ಎತ್ತರದ ಗಾಳಿಯಲ್ಲಿ ಉಸಿರು ಸಾಲದೆ ದಾರಿಯಲ್ಲೇ ತೀರಿಕೊಂಡ.

ಅವನ ಮಗ ಅಬ್ದುರ್ರಶೀದ್ ಖಾನ್. ಅವನ ಹೆಂಡತಿ ಅಮಾನ್ನಿಸಾ ಖಾನ್ ಅಂದರೆ ಉಯ್ಘರರಿಗೆ ಇಂದಿಗೂ ಪ್ರಾಣ. ಅವಳು ಸೌದೆ ಕಡಿಯುವವನ ಮಗಳಂತೆ. ಖಾನ್ ಬೇಟೆಗೆ ಹೋದಾಗ ವೇಷ ಮರೆಸಿಕೊಂಡು ಆ ಗುಡಿಸಲಿನಲ್ಲಿ ತಂಗಿದನಂತೆ, ಹುಡುಗಿ ತಂಬೂರ್ ನುಡಿಸಿ ಹಾಡಿದ್ದನ್ನು ಕೇಳಿ ಮನಸೋತನಂತೆ. ಚದುರಿಹೋಗಿದ್ದ ಹಾಡುಗಳನ್ನು ಕೂಡಿಸಿ 'ಹನ್ನೆರಡು ಮುಕಾಮ್' ಅನ್ನುವ ಉಯ್ಘರರ ಶಾಸ್ತ್ರೀಯ ಹಾಡುಗಳ ಮಾಲೆಗೆ ರೂಪ ಕೊಟ್ಟವಳು ಅವಳೇ ಅನ್ನುವುದು ಜನರ ನಂಬಿಕೆ. ಪೂರ್ತಿ ಹಾಡಲು ಇಪ್ಪತ್ತು ಗಂಟೆಗೂ ಜಾಸ್ತಿ ಬೇಕು. 2005ರಲ್ಲಿ ಯುನೆಸ್ಕೊ ಇದಕ್ಕೆ ಮನ್ನಣೆ ಕೊಟ್ಟಿತು. ಹೆರಿಗೆಯಲ್ಲಿ ತೀರಿಕೊಂಡಾಗ ಅವಳಿಗೆ 34ರ ಆಸುಪಾಸು. ಗೋರಿ ಯಾರ್ಕಂದ್ ಪೇಟೆಯಲ್ಲೇ, ಅಲ್ತಿನ್ ಮಸೀದಿಯ ಪಕ್ಕದಲ್ಲಿದೆ.

1759ರಲ್ಲಿ ಊರು ಚೀನಾದ ಚಿಂಗ್ ದೊರೆಗಳ ಕೈಗೆ ಹೋಯಿತು. 1949ರಿಂದ ಕಮ್ಯುನಿಸ್ಟ್ ಆಡಳಿತ. ನಡುವೆ ಯಾರೇ ಆಳಲಿ, ಲೇಹ್ ದಾರಿ ಮಾತ್ರ ಓಡುತ್ತಲೇ ಇತ್ತು. 5,540 ಮೀಟರ್ ಎತ್ತರದ ಕಾರಾಕೋರಂ ಕಣಿವೆ ದಾಟಿ ಸುಮಾರು ಒಂದು ತಿಂಗಳ ಪ್ರಯಾಣ. ದಾರಿಯುದ್ದಕ್ಕೂ ಸತ್ತ ಕುದುರೆಗಳ ಮೂಳೆಗಳೇ ಗುರುತು. ಅಲ್ಲಿಂದ ರೇಷ್ಮೆ, ನಮ್ದಾ ಅನ್ನುವ ಒತ್ತಿದ ಉಣ್ಣೆಯ ಹಾಸು, ರತ್ನಗಂಬಳಿ, ಚರಸ್ ಬರುತ್ತಿತ್ತು. ಇಲ್ಲಿಂದ ಬಟ್ಟೆ, ನೀಲಿ ಬಣ್ಣ, ಮಸಾಲೆ ಹೋಗುತ್ತಿತ್ತು. ಮೆಕ್ಕಾಗೆ ಹೋಗುವ ಹಾಜಿಗಳೂ ಇದೇ ದಾರಿಯಲ್ಲಿ ಬಂದು ಬೊಂಬಾಯಿಯಲ್ಲಿ ಹಡಗು ಹತ್ತುತ್ತಿದ್ದರು. ಲೇಹ್‌ನಲ್ಲಿ ಮದುವೆಯಾಗಿ ನೆಲೆಸಿದ ವ್ಯಾಪಾರಿಗಳ ಮಕ್ಕಳು ಮೊಮ್ಮಕ್ಕಳೇ ಅರ್ಗೋನ್ ಸಮುದಾಯ. ನಮ್ಮ ಓನರ್ ಮನೆಯವರೂ ಅರ್ಗೋನರೇ. ಲಡಾಖಿನ ನುಬ್ರಾ ಕಣಿವೆಯಲ್ಲಿ ನೀವು ಫೋಟೊ ತೆಗೆಸಿಕೊಂಡಿರಬಹುದಾದ ಎರಡು ಡುಬ್ಬದ ಒಂಟೆಗಳೂ ಆ ವ್ಯಾಪಾರಿಗಳ ಸಾಲಿನಲ್ಲಿ ಬಂದು ಉಳಿದವುಗಳ ಸಂತತಿ.

ಈಗಿನ ಸ್ಥಿತಿ ಬರೆಯಲು ಮನಸ್ಸು ಭಾರವಾಗುತ್ತದೆ. 2011ರಲ್ಲಿ ರೈಲು ಬಂತು, 2017ರಲ್ಲಿ ವಿಮಾನ ನಿಲ್ದಾಣ. 2014ರ ಜುಲೈ 28ರಂದು ಇದೇ ಕೌಂಟಿಯಲ್ಲಿ ದೊಡ್ಡ ಹಿಂಸೆ ನಡೆಯಿತು. ಸರ್ಕಾರದ ಲೆಕ್ಕದಲ್ಲಿ 96 ಜನ ಸತ್ತರು, ಅದು ಉಗ್ರರ ದಾಳಿ. ಪೊಲೀಸರು ಪ್ರತಿಭಟನೆಯ ಮೇಲೆ ಗುಂಡು ಹಾರಿಸಿದರು, ಸತ್ತವರು ಇನ್ನೂ ಎಷ್ಟೋ ಜಾಸ್ತಿ ಅಂತ ಹೊರದೇಶದ ಉಯ್ಘರ್ ಸಂಘಟನೆಗಳು ಹೇಳುತ್ತವೆ. 2017ರಿಂದ ಇಡೀ ಶಿನ್‌ಜಿಯಾಂಗ್‌ನಲ್ಲಿ ಲಕ್ಷಗಟ್ಟಲೆ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಚೀನಾ ಅವನ್ನು ಕಸುಬು ಕಲಿಸುವ ಕೇಂದ್ರಗಳು ಅಂದಿತು. ಅಲ್ಲಿ ನಡೆದದ್ದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಅಂತ 2022ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಹೇಳಿತು. ಬಲವಂತದ ದುಡಿಮೆಯ ಆರೋಪದ ಮೇಲೆ ಅಮೆರಿಕ ಶಿನ್‌ಜಿಯಾಂಗ್‌ನ ಹತ್ತಿಗೆ ಬಾಗಿಲು ಹಾಕಿದೆ. ಜಗತ್ತಿನ ಹತ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಆ ಸೀಮೆಯದು.

ಓನರ್ ಅವರ ಅಜ್ಜ ಗಡಿ ಮುಚ್ಚಿದ ಮೇಲೆ ಊರಿಗೆ ಮರಳಲಿಲ್ಲ. ತಮ್ಮನಿಂದ ಕೆಲವು ವರ್ಷ ಕಾಗದ ಬಂದವಂತೆ, ಆಮೇಲೆ ನಿಂತವು.

ಮುಂದಿನ ಸಲ ಹೋದರೆ ಆ ಪುಲಾವ್ ತಿನ್ನಿ. ಮಸಾಲೆ ಇರುವುದಿಲ್ಲ. ಕುರಿಮಾಂಸ, ಈರುಳ್ಳಿ, ಬೆರಳುದ್ದಕ್ಕೆ ಹೆಚ್ಚಿದ ಕ್ಯಾರೆಟ್, ಅದರ ಮೇಲೆ ಅಕ್ಕಿ ಸುರಿದು ಮುಚ್ಚಿಡುವುದು, ಅಷ್ಟೇ. ಕ್ಯಾರೆಟ್ ಹಳದಿಯದೇ ಆಗಬೇಕು ಅಂತ ಅಜ್ಜ ಹಟ ಹಿಡಿಯುತ್ತಿದ್ದರಂತೆ. ಪೇಟೆಯಲ್ಲಿ ಸಿಗುವುದಿಲ್ಲ ಅಂತ ಓನರ್ ಅಮ್ಮ ಹಿತ್ತಲಲ್ಲೇ ಒಂದು ಮಡಿ ಹಾಕಿದ್ದಾರೆ.